ರಯ್ಯಾ ಗಾಡಿ ಓಡಿಸಿದ ದಿನ

ಐವತ್ತೆಂಟಕ್ಕೆ ಲೈಸೆನ್ಸು ತೆಗೆದವಳ ಪಕ್ಕ ಕೂತರೆ
ಕಡಲು ಕಾಣುವ ಮೊದಲೇ ಕರುಳಲ್ಲಿ ಅಲೆ.
ಮಸ್ಕತ್ತಿನ ಕೊನೆಯ ಸರ್ಕಲ್ಲಿನಲ್ಲಿ ಮೂರು ಸುತ್ತು ಹೊಡೆದೆವು.
ಹೊರಬೀಳುವ ದಾರಿ ಅವಳಿಗೆ ಗೊತ್ತಿತ್ತು, ಧೈರ್ಯ ಬರಲಿಲ್ಲ.
ನಾಲ್ಕನೆಯದಕ್ಕೆ "ಬಿಸ್ಮಿಲ್ಲಾ" ಅಂದಳು,
ನಾನು ಕಣ್ಣು ಮುಚ್ಚಿದೆ.
ಬಿಟ್ಟಾಗ ಎಡಕ್ಕೆ ನೀರು,
ಬಲಕ್ಕೆ ಹುಲ್ಲುಕಡ್ಡಿಯ ಹಂಗೂ ಇಲ್ಲದ ಬೆಟ್ಟ.

ರಿವರ್ಸ್ ಅವಳಿಗೆ ಬರುವುದಿಲ್ಲ.
ಅದಕ್ಕೇ ಎಲ್ಲಿ ನಿಂತರೂ
ಮುಂದಕ್ಕೇ ಹೊರಡುವ ಹಾಗೆ ನಿಲ್ಲುತ್ತಾಳೆ.

ಕುರಿಯಾತಿನ ಟೀ ಅಂಗಡಿ ಮುಂದೆ ಹಾರ್ನ್ ಒತ್ತಿದಳು,
ಇಳಿಯುವ ಪೈಕಿಯಲ್ಲ. ಹುಡುಗ ಓಡಿ ಬಂದ:
ಪರೋಟದೊಳಗೆ ಚೀಸು, ಚೀಸಿನ ಮೇಲೆ ಪುಡಿಮಾಡಿದ ಚಿಪ್ಸು,
ಏಲಕ್ಕಿ ಕುದಿಸಿದ ಕಡಕ್ ಚಹಾ ಎರಡು ಲೋಟ.
ನನಗೆ ಸಕ್ಕರೆ ಕಾಯಿಲೆ ಎಂಬುದನ್ನು
ಇಬ್ಬರೂ ಸೇರಿ ಮರೆತೆವು.

ನಕ್ಷತ್ರ ಬಿದ್ದು ಆದ ಹೊಂಡವಂತೆ ಅದು.
ಸುಣ್ಣಕಲ್ಲು ಕುಸಿದದ್ದು ಅಂತ
ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ.
ರಯ್ಯಾ ಬಗ್ಗಿ ನೋಡಿ,
"ಸುಣ್ಣದಿಂದ ಇಷ್ಟು ಹಸಿರು ಬರುತ್ತದೇನೇ, ಝುವೈನಾ?" ಅಂದಳು.
ಉತ್ತರ ಇತ್ತು. ಹೇಳಲಿಲ್ಲ.
ಮೆಟ್ಟಿಲಿಳಿದು, ಅಬಾಯಾ ಮೊಣಕಾಲಿಗೆ ಸಿಕ್ಕಿಸಿ, ಕಾಲು ಇಳಿಬಿಟ್ಟೆವು.
ಬೆರಳುದ್ದದ ಮೀನು ಬಂದು ಹಿಮ್ಮಡಿ ಕೆರೆದವು.
ಆ ಬಿರುಕುಗಳಲ್ಲಿ ಎಷ್ಟು ವರ್ಷದ ಅಡುಗೆಮನೆ, ಎಷ್ಟು ವರ್ಷದ ಸೀಮೆಸುಣ್ಣ,
ತಿನ್ನಲಿ ಪಾಪ.
ಮೇಲಿಂದ ಯಾವನೋ ಜರ್ಮನಿಯ ಹುಡುಗ ದುಡುಂ ಅಂತ ಹಾರಿದ.
ಅರ್ಧ ಹೊಂಡ ನಮ್ಮ ಮೈಮೇಲೆ.

ತೀವಿ ದಾಟುವಾಗ ಹೇಳಿದಳು:
ಮದುವೆಯಾಗಿ ಬರುವಾಗ ಈ ರಸ್ತೆ ಇರಲಿಲ್ಲ.
ಸೂರ್‌ನಿಂದ ಮಸ್ಕತ್ತಿಗೆ ಮಾವನ ದೋಣಿಯಲ್ಲಿ,
ಒಣಮೀನಿನ ಮೂಟೆಗಳ ನಡುವೆ ಇನ್ನೊಂದು ಮೂಟೆಯಾಗಿ,
ಗೋರಂಟಿ ಆರದ ಕೈಯಲ್ಲಿ ಬಾಯಿ ಮುಚ್ಚಿಕೊಂಡು
ಎರಡು ರಾತ್ರಿ ವಾಂತಿ.
"ಕಡಲ ಊರಿನವಳಿಗೆ ಕಡಲೇ ಆಗಲಿಲ್ಲ ಅಂತ
ಅತ್ತೆ ಸಾಯುವ ತನಕ ನಕ್ಕಳು."
ಆಮೇಲೆ ಈ ತೀರವನ್ನು ಅವಳು ಕಂಡದ್ದು
ಗಂಡನ ಭುಜದಾಚೆಗೆ, ಗಂಟೆಗೆ ನೂರಿಪ್ಪತ್ತರಲ್ಲಿ.
"ನಿಲ್ಲಿಸಿ ಅಂದರೆ, ಬರುವಾಗ ನಿಲ್ಲಿಸೋಣ ಅನ್ನೋರು.
ಬರುವಾಗ ಕತ್ತಲೆ."

ಅಲ್ಲಿಂದ ಮುಂದೆ ಎಲ್ಲೆಂದರಲ್ಲಿ ನಿಲ್ಲಿಸಿದಳು.
ಮೇಕೆಯೊಂದು ಜಾಲಿಮರ ಹತ್ತಿದ್ದಕ್ಕೆ ನಿಲ್ಲಿಸಿದಳು.
ಬಲೆಗೆ ತೇಪೆ ಹಾಕುವ ಮುದುಕನ ಬಳಿ ನಿಲ್ಲಿಸಿ
ಅಂಜಲ್ ಮೀನಿಗೆ ಅರ್ಧ ಗಂಟೆ ಚೌಕಾಸಿ ಮಾಡಿ
ಕೊಳ್ಳದೇ ಬಂದಳು.
ಕಲ್ಹಾತ್‌ನ ಒಡೆದ ಗೋರಿಗೆ ಬೇಲಿ, ಬೇಲಿಗೆ ಬೀಗ.
"ಸತ್ತ ಮೇಲೂ ಒಳಗೇ ಇಟ್ಟಿದ್ದಾರೆ ನೋಡು ಹೆಂಗಸನ್ನ" ಅಂದಳು.
ಬರೀ ಕಲ್ಲು, ಬರೀ ನೀರು ಇರುವಲ್ಲಿ
ಇಂಡಿಕೇಟರ್ ಹಾಕಿ, ಹಿಂದೆ ಮುಂದೆ ನೋಡಿ, ನಿಲ್ಲಿಸಿದಳು.
ಒಟ್ಟು ಹನ್ನೊಂದು ಸಲ.
ಎಣಿಸುವುದು ಟೀಚರಮ್ಮನ ಚಾಳಿ.

ಸೂರ್‌ನಲ್ಲಿ ಅವಳಿಗೀಗ ಸೂರಿಲ್ಲ.
ಅದಕ್ಕೇನೂ ಅಳಲಿಲ್ಲ.
ಅರ್ಧ ಕಟ್ಟಿದ ಹಡಗಿನ ಪಕ್ಕೆಲುಬಿಗೆ ಮೂಗು ತಾಗಿಸಿ
ತುಸು ಹೊತ್ತು ನಿಂತಳು.
"ಅಪ್ಪ ಸಂಜೆ ಬಂದರೆ ಹೀಗೇ ಘಂ ಅನ್ನೋನು."
ಬಡಗಿ ಉಳಿ ನಿಲ್ಲಿಸಿದ. ಮತ್ತೆ ಶುರು ಮಾಡಿದ.

ರಾತ್ರಿ ಆಮೆ ನೋಡಬೇಕಿತ್ತು.
ಗೈಡು ಹತ್ತಕ್ಕೆ ಕೂಗುತ್ತೇನೆ ಅಂದಿದ್ದನಂತೆ, ಕೂಗಿದನೂ ಅಂತೆ.
ಸೀಟು ಹಿಂದಕ್ಕೆ ಮಡಚಿ ಬಾಯಿ ತೆರೆದು ಗೊರಕೆ ಹೊಡೆಯುವ
ಇಬ್ಬರು ಹೆಂಗಸರನ್ನು ಎಬ್ಬಿಸಲು ಅವನಿಗೆ ನಾಚಿಕೆ.

ಬೆಳಗಿನ ಜಾವ ಮರಳಲ್ಲಿ ಟ್ರ್ಯಾಕ್ಟರ್ ಹೋದಂಥ ಗುರುತು.
ನೀರಿನಿಂದ ಮೇಲೆ ಬಂದು,
ಗುಂಡಿ ತೋಡಿ, ಮುಚ್ಚಿ,
ದೊಡ್ಡದೊಂದು ಯು-ಟರ್ನ್ ಹೊಡೆದು ಕಡಲಿಗೆ.
ರಯ್ಯಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.
"ಪಾಪ, ಇವಳಿಗೂ ರಿವರ್ಸ್ ಬರೋದಿಲ್ಲ."

ನಕ್ಕು ನಕ್ಕು ಮರಳ ಮೇಲೆ ಕೂತೆವು.
ಆ ಅಂಜಲ್ ಕೊಳ್ಳಬೇಕಿತ್ತು, ಅಂದೆ ನಾನು.
"ಹೋಗುವಾಗ ಕೊಳ್ಳೋಣ" ಅಂದಳು, ಕೀಲಿ ಹುಡುಕುತ್ತಾ,
"ಬೆಳಕಿದೆ."