ಕಸಕ್ಕ ನೀರು ಹಾಕಿದಾಕಿ

ಮೂವತ್ತು ವರ್ಷ ಕಸಾ ಕಿತ್ತ ಕೈ ಇವು.
ಮೊದಲ ಕೆರೂರಿನ ಶೇಂಗಾ ಹೊಲದಾಗ,
ಆಮ್ಯಾಲೆ ಇಲ್ಲಿ, ಸಾವರ್ಡೆಯ ದೊಡ್ಡ ಮನಿಗಳ ಅಂಗಳದಾಗ.
ಈಗ ದಿನಕ್ಕ ಎರಡು ಹೊತ್ತು
ಕಸಕ್ಕ ನೀರು ಹಾಕತೀನಿ,
ಕುಂಡದಾಗ ನೆಟ್ಟು, ಗೊಬ್ಬರಾ ಕೊಟ್ಟು.
ಎಲಿ ಬಾಡಿದರ ಬೈಸಿಕೊಂತೀನಿ.

ರಾನ್‌ಮೋಡಿ ಅಂತಾರ ಇದಕ್ಕ.
ಕಾಡು ಮುರಿಯೂದು ಅಂತ ಅರ್ಥ, ಕುತಿನ್ಹೊ ಮೇಡಂ ಹೇಳಿದ್ರು.
ಗಣಿ ಬಂದ್ ಆಗಿ, ಟಿಪ್ಪರ್ ನಿಂತು,
ಯಮನೂರಪ್ಪ ಕೀಲಿಕೈ ಗೂಟಕ್ಕ ಹಾಕಿದ ವರ್ಷ
ಕೆಂಪು ಮಣ್ಣಿನ ರಾಶಿ ಮ್ಯಾಲೆ
ಮೊದಲ ಬಂದದ್ದು ಇದು.
ಯಾರೂ ಕರದಿರಲಿಲ್ಲ. ಯಾರರ ಬ್ಯಾಡ ಅನ್ನೂದ್ರಾಗ
ಆಳೆತ್ತರ.

ಇದನ್ನ ತಿನ್ನಾಕ ಹುಳಾ ತರಿಸ್ಯಾರ
ಸಮುದ್ರದ ಆಚಿಂದ, ಗಿಡದ್ದ ತವರಿಂದ,
ಹತ್ತಿಯೊಳಗ ಸುತ್ತಿ, ಮೂರು ಸರಕಾರಿ ಸಿಕ್ಕಾ ಹೊಡದು.
‘ಬ್ಯಾರೆ ಏನೂ ತಿನ್ನಂಗಿಲ್ಲಲಾ?’ ಕೇಳಿದೆ.
‘ಎರಡು ವರ್ಷ ಉಪಾಸ ಕೆಡವಿ ನೋಡೇವಿ,
ಭತ್ತದ ಎಲಿ ಇಟ್ವಿ, ಗೋಡಂಬಿ ಇಟ್ವಿ, ಮೆಣಸು ಇಟ್ವಿ,
ಸಾಯತಾವ ಹೊರತು ಬಾಯಿ ಹಚ್ಚೂದಿಲ್ಲ.’
ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.
ಅಷ್ಟು ಹಟಾ ಯಾಕೋ ಒಂದು ಹುಳಕ್ಕ.

ಮರಿ ಕರೇವು, ಮೈತುಂಬ ಕೂದಲಾ.
ಹಗಲೆಲ್ಲ ಬುಡದಾಗ ಮಲಗಿ ರಾತ್ರಿ ಮೇಯತಾವ.
ಕಿವಿ ಇಟ್ಟರ ಕೇಳತೈತಿ:
ದೂರದ ಮನ್ಯಾಗ ಯಾರೋ
ಕಟಕ ರೊಟ್ಟಿ ಮುರದಂಗ.
ಸತ್ತದ್ದು ಎಷ್ಟು, ಎಣಿಸಿ ಬರೀಬೇಕು.
ನನಗ ಬರಿಯಾಕ ಬರೂದಿಲ್ಲ,
ಒಂದಕ್ಕೊಂದು ಹುಣಸಿ ಬೀಜ ಡಬ್ಬಿಗೆ ಹಾಕತೀನಿ.
ಮೇಡಂ ಬೀಜಾ ಎಣಿಸಿ ಕಂಪ್ಯೂಟರಿಗೆ ಏರಸತಾರ.

ಒಂದಿನ ನೋಡತೀನಿ, ರೆಕ್ಕಿ!
ಗುಳೇದಗುಡ್ಡದ ಖಣಾ, ಸುಳ್ಳಲ್ಲ:
ಕೆಂಪಿನ ಮ್ಯಾಲೆ ಅರಿಶಿಣ ಚಿಕ್ಕಿ,
ಅಂಚಿಗೆ ಬಟ್ಟಿಲೆ ಕಾಡಿಗಿ ಎಳದಂಗ.
ಬಾಯಿನ ಇಲ್ಲಂತ ಇವಕ್ಕ.
ತಿನ್ನೂದೆಲ್ಲ ಮರಿ ಇದ್ದಾಗ ಮುಗೀತು,
ಉಳದ ಒಂದು ವಾರ
ಖಣಾ ತೊಟ್ಟು ತಿರಗೂದು.

ಶುಕ್ರವಾರ ಸಂಜಿಮುಂದ ಬಿಡೂ ಕಾರ್ಯಕ್ರಮ.
ಮಣ್ಣಿನ ರಾಶಿ ಕೆಳಗ ಪೆಂಡಾಲು, ನಾಕು ಕುರ್ಚಿ, ಸೋಡಾ.
ಪಂಚಾಯ್ತಿ ಮೆಂಬರ ಮೈಕ್ ಹಿಡದು ಅಂದ:
ಹೊರಗಿಂದ ಬಂದದ್ದು ಒಂದೂ ಉಳೀಬಾರದು
ನಮ್ಮ ಗೋವಾದಾಗ.
ಆಮ್ಯಾಲೆ ನನ್ನ ಕಡೆ ತಿರಗಿ, ‘ಪೆಟಗಿ ತಗಿ ಬಾಯಿ’ ಅಂದ.
ಬಾಗಲಕೋಟಿ ಜಿಲ್ಲೆದಾಕಿ ನಾನು
ಸಮುದ್ರದ ಆಚಿನ ಪೆಟಗಿ ತಗದೆ.
ಚಪ್ಪಾಳಿ.

ಹಾರಲಿಲ್ಲ. ಜಾಳಗಿಗೆ ಕುಂತ್ವು, ಮೈಕಿಗೆ ಕುಂತ್ವು,
ನನ್ನ ತೋಳಿಗೆ ಎರಡು.
ಊದಿದೆ. ನಿಧಾನಕ ಹೋದ್ವು.
ತಂತಿ ಮ್ಯಾಲಿನ ಕಾಜಾಣ ಅಷ್ಟೊತ್ತಿಗೆ
ಊಟಕ್ಕ ಇಳದಿತ್ತು.
ಇದಕ್ಕ ಎಷ್ಟು ಬೀಜ ಹಾಕಲಿ,
ನಾನೂ ಕೇಳಲಿಲ್ಲ, ಮೇಡಂ ಹೇಳಲಿಲ್ಲ.

ರಾತ್ರಿ ನಮ್ಮ ಖೋಲಿ ಟ್ಯೂಬ್‌ಲೈಟಿಗೆ ಒಂದು ಬಂತು.
ಯಮನೂರಪ್ಪ ಟವೆಲ್ ಎತ್ತಿದ.
ಲೈಟ್ ಆರಿಸಿದೆ.
ಉಂಡಿರಲಿಲ್ಲ ಇನ್ನ, ಕತ್ತಲಾಗ ಗಂಗಾಳ ಹಿಡಕೊಂಡು ಕುಂತ್ವಿ,
ಸಾರು ಯಾವುದು ಪಲ್ಯ ಯಾವುದು ತಿಳೀವಲ್ದು.
‘ಹುಳಕ್ಕಾಗಿ ಉಪಾಸ ಕೆಡವತಿ ಏನು’ ಅಂದ.
ನಗು ಬಂತು, ಇಬ್ಬರಿಗೂ.
ಕಿಡಕಿ ತಗದಿಟ್ಟೆ.

ಬಚ್ಚಲ ಹಿಂದ ಒಂದು ರಾನ್‌ಮೋಡಿ ಎದ್ದೈತಿ, ಮೊಳಕಾಲುದ್ದ.
ಮರುದಿನ ಕೀಳೂದಿತ್ತು. ಕೀಳಲಿಲ್ಲ.
ನೀರು ಮಾತ್ರ ಹಾಕಿಲ್ಲ ನಾನು, ಆಣಿ ಮಾಡಿ ಹೇಳತೀನಿ.
ಬಚ್ಚಲ ನೀರು
ತಾನ ಹರದು ಹೋಗತೈತಿ.