ಚಕ್ಕುಬಂದಿ

ಪೂರ್ವಕ್ಕೆ ಟೈರ್ ಅಂಗಡಿ,
ಪಶ್ಚಿಮಕ್ಕೆ ಮೋರಿ,
ಉತ್ತರಕ್ಕೆ ಯಾವತ್ತೂ ಮುಗಿಯದ ರಸ್ತೆ ಕೆಲಸ,
ದಕ್ಷಿಣಕ್ಕೆ ಯಾರದೋ ಸೈಟು, ವ್ಯಾಜ್ಯದಲ್ಲಿದೆ.
ಈ ನಾಲ್ಕರ ನಡುವೆ, ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಯ ನೆತ್ತಿ ಮೇಲೆ,
ಹತ್ತಡಿ ಹನ್ನೆರಡಡಿ ಶೀಟಿನ ರೂಮು:
ಸದರಿ ಸ್ವತ್ತಿನಲ್ಲಿ ಗುರುವಾರ ಗುರುವಾರ
ನಾವು ಬಾರಿಸುತ್ತೇವೆ.

ಮನ್ನಿಸಿ. ಹಗಲೆಲ್ಲ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಕ್ರಯಪತ್ರ ಬರೆಯುವವನು ನಾನು.
ಹಾಡು ಬರೆಯಲು ಕೂತರೂ ‘ಮೇಲ್ಕಂಡ’, ‘ಈ ಮೂಲಕ’
ಸೊಳ್ಳೆಗಳ ಹಾಗೆ ನುಗ್ಗುತ್ತವೆ.
ಒಮ್ಮೆ ‘ಸದರಿ ಹುಡುಗಿ’ ಎಂದು ಬರೆದುಬಿಟ್ಟಿದ್ದೆ.
ಜಬೀನಾ ಹೊಡೆದುಹಾಕಲು ಬಿಡಲಿಲ್ಲ.
ಈಗ ಜನ ಆ ಸಾಲಿಗೇ ನಗುತ್ತಾರೆ.
ಜನ ಅಂದರೆ ಹದಿನಾಲ್ಕು, ಹೆಚ್ಚೆಂದರೆ ಇಪ್ಪತ್ತು.

ಜಬೀನಾ ಬೇಸ್. ಮೆಟ್ರೋ ಕೌಂಟರಿನಲ್ಲಿ ಚಿಲ್ಲರೆ ಎಣಿಸಿ ಎಣಿಸಿ
ಅವಳ ಬೆರಳಿಗೆ ತಪ್ಪು ಗೊತ್ತಿಲ್ಲ.
ನಾಲ್ಕಕ್ಕೆ ನಾಲ್ಕು ಕೊಡುತ್ತಾಳೆ; ನಾವು ಮೂರೂವರೆ ಕೊಟ್ಟರೆ
ಗಾಜಿನ ಹಿಂದಿನಿಂದ ನೋಡುವ ಹಾಗೆ ನೋಡುತ್ತಾಳೆ.
ತಿಪ್ಪೇಶನದು ಡ್ರಮ್ಸ್, ಹಗಲು ಹಲ್ಲಿನ ಲ್ಯಾಬು.
ಯಾರಾರದೋ ಬಾಯಿಯ ಅಚ್ಚುಗಳು ಅವನ ಮೇಜಿನ ಮೇಲೆ
ತೆರೆದೇ ಇರುತ್ತವಂತೆ, ಹಾಡುವುದಿಲ್ಲ.
ಬೆರಳ ಸಂದಿಯಲ್ಲಿ ಬಿಳಿ ಪುಡಿ, ಸಿಂಬಲ್ ಮೇಲೆ ರಾಗಿ ಹಿಟ್ಟು;
ಮೊದಲ ಏಟಿಗೆ ಎರಡೂ ಏಳುತ್ತವೆ,
ಗಿಟಾರಿನ ಫ್ರಾಂಕ್ಲಿನ್ ಸೀನುತ್ತಾನೆ.
ಅದೇ ನಮ್ಮ ಒನ್ ಟೂ ತ್ರೀ ಫೋರ್.

ಗಿರಣಿ ಪುಟ್ಟತಾಯಮ್ಮ ಒಮ್ಮೆ ಮೆಟ್ಟಿಲ ಮೇಲೆ ನಿಂತು ಪೂರ್ತಿ ಕೇಳಿದರು.
‘ನಮ್ ಮಿಷನ್ನೂ ಹಂಗೇ ಕಣ್ರಪ್ಪ,
ಕಲ್ಲು ಸವೆದಾಗ ಹಿಂಗೇ ಕೂಗ್ತದೆ.’
ಇದಕ್ಕಿಂತ ಒಳ್ಳೆ ವಿಮರ್ಶೆ ನಮಗೆ ಬಂದಿಲ್ಲ.

ಫ್ರಾಂಕ್ಲಿನ್ ಲಿಫ್ಟ್ ರಿಪೇರಿಯವನು.
ಹೋದ ಶನಿವಾರ ಕಮ್ಮನಹಳ್ಳಿಯ ಮಹಡಿ ಹೋಟೆಲೊಂದರಲ್ಲಿ
ನಮಗೆ ಇಪ್ಪತ್ತೈದು ನಿಮಿಷ ಕೊಟ್ಟಿದ್ದರು.
ಸಾಮಾನೆಲ್ಲ ಓಮ್ನಿಗೆ ತುಂಬಿ
ಮೇಖ್ರಿ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡಾಗ ಅವನ ಫೋನು:
ಗಂಗಾನಗರ, ನಾಲ್ಕು ಮತ್ತು ಐದರ ನಡುವೆ, ಒಬ್ಬರು.
ಯಾರೂ ಏನೂ ಹೇಳಲಿಲ್ಲ. ಓಮ್ನಿ ತಿರುಗಿತು.

ಅವನು ಮೇಲೆ, ಮೋಟರ್ ರೂಮಿನಲ್ಲಿ,
ಬ್ರೇಕ್ ಬಿಡಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಿದ್ದ.
ನಾವು ನಾಲ್ಕನೇ ಮಹಡಿಯ ಬಾಗಿಲಿಗೆ ಕಿವಿ ಕೊಟ್ಟಿದ್ದೆವು.
ಒಳಗಿನಿಂದ ಒಂದು ದನಿ, ತೀರಾ ಸಭ್ಯ:
‘ಇನ್ನೂ ಎಷ್ಟೊತ್ತಾಗುತ್ತೆ? ಮೊಸರು ತಂದಿದ್ದೆ.’
ತಿಪ್ಪೇಶ ಬಾಗಿಲ ಮೇಲೆ ಎರಡೇ ಬೆರಳಲ್ಲಿ
ಹೊಸ ಹಾಡಿನ ಲಯ ಹಾಕುತ್ತಿದ್ದ,
ಹೆದರಿದವರ ಬೆನ್ನು ತಟ್ಟುವಷ್ಟು ಮೆಲ್ಲಗೆ.
‘ಎರಡು ಚರಣ, ಸಾರ್’ ಅಂದೆ.
ಅಷ್ಟೇ ಹಿಡಿಯಿತು. ಗೇಣು ಗೇಣಾಗಿ ಇಳಿದು ಬಂತು:
ಗ್ರೀಸು, ಕತ್ತಲು, ಬೆಳಕಿನ ಒಂದು ಪಟ್ಟಿ,
ಅದರಲ್ಲಿ ಚಪ್ಪಲಿ, ನಡುಗುವ ಮೊಣಕಾಲು,
ಒಡೆಯದ ಮೊಸರಿನ ಪೊಟ್ಟಣ.

ಹೋಟೆಲಿನಲ್ಲಿ ನಮ್ಮ ಹೊತ್ತು ಬೇರೆಯವರಿಗೆ ಹೋಗಿತ್ತು.
ಕೊಟ್ಟ ಕೂಪನ್ನಿಗೆ ಗೋಬಿ ತಿಂದೆವು.
ಫ್ರಾಂಕ್ಲಿನ್ ಅಂಗೈ ತೋರಿಸಿದ, ಬೊಬ್ಬೆ ಎದ್ದಿತ್ತು,
‘ಹೆಂಗಿದ್ರೂ ಇವತ್ತು ಆಗ್ತಿರ್ಲಿಲ್ಲ ಬಿಡಿ.’
ಬೇಜಾರಾಗಲಿಲ್ಲ ಎಂದರೆ ಸುಳ್ಳು;
ಯಶವಂತಪುರದವರೆಗೂ ಓಮ್ನಿಯಲ್ಲಿ
ತಾಳ ಒಂದೇ ಹಿಂದೆ ಗಲಗಲ ಅನ್ನುತ್ತಿತ್ತು.

ಸೋಮವಾರ ಜಬೀನಾಗೆ ಬೆಳಗಿನ ಪಾಳಿ,
ತಿಪ್ಪೇಶನಿಗೆ ಹನ್ನೊಂದು ಬಾಚಿಹಲ್ಲು,
ನನಗೆ ಮಾತು ಬಿಟ್ಟ ಅಣ್ಣತಮ್ಮಂದಿರ ಪಾಲುಪತ್ರ.
ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ ಎಂದು ಬರೆಯುತ್ತ ಬಂದವನು
ದಕ್ಷಿಣಕ್ಕೆ ಬರುವಷ್ಟರಲ್ಲಿ
‘ನಾಲ್ಕು ಮತ್ತು ಐದರ ನಡುವೆ ಒಬ್ಬರು’
ಎಂದು ಬರೆದುಬಿಟ್ಟೆ.

ಛಾಪಾ ಕಾಗದ ಹಾಳಾಯಿತು, ನನ್ನ ಕೈಯಿಂದ ದುಡ್ಡು.
ಮಡಿಸಿ ಜೇಬಿನಲ್ಲಿಟ್ಟಿದ್ದೇನೆ.
ಗುರುವಾರ ಅವರಿಗೆ ತೋರಿಸಬೇಕು,
ಸೀನು ಬರುವ ಮೊದಲು.