ಒಳಗೆ ಎಂದರೆ

ಹಾಪ್ಸಾಲು ಪುರಸಭೆಯ ಎರಡನೇ ಮಹಡಿಯಲ್ಲಿ
ನನ್ನ ಮೇಜಿನ ಮೇಲೆ ಮೂರು ತಿಂಗಳಿಂದ
ಒಂದೇ ಪ್ರಶ್ನೆಯ ಕಡತ:
ದೋಣಿ ರಿಪೇರಿಯ ಹೆಲ್ದುರ್ ರಾನ್ನಾಪನ
ಗಾಜಿನ ಜಗಲಿ
ಮನೆಯ ಒಳಗೋ, ಹೊರಗೋ?

ನಿಯಮ ಹೇಳುವುದಿಷ್ಟೇ.
ಕಾಯಿಸಿದ ಜಾಗ ಲೆಕ್ಕಕ್ಕುಂಟು.
ಕಾಯಿಸದ್ದು, ಮಕ್ಕಳು ಹೇಳುವ ಹಾಗೆ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಬರೆದವರು ಜುಲೈನಲ್ಲಿ ಬರೆದಿರಬೇಕು.

ಒಳಗೆ ಎಂದರೆ ಗಾಜು ಮೂರು ಪದರವಾಗಬೇಕು,
ನೆಲದಡಿ ಮೊಳದುದ್ದ ಉಣ್ಣೆ ತುಂಬಬೇಕು,
ಅವನಜ್ಜ ಒಂದೊಂದಾಗಿ ಕೂರಿಸಿದ
ಕೆಂಪು ಹಳದಿ ಗಾಜಿನ ಚೂರುಗಳು
ಕಿತ್ತು ಬರಬೇಕು.
ಹೊರಗೆ ಎಂದರೆ ಏನೂ ಬೇಡ. ಚಳಿಗೆ ಬಿಟ್ಟ ಜಾಗ.

ಜನವರಿಯಲ್ಲಿ ಹೋದೆ.
ಸೊನ್ನೆಗಿಂತ ಹದಿನಾರು ಕೆಳಗೆ,
ಕೊಲ್ಲಿಯ ನೀರು ಕಲ್ಲಾಗಿತ್ತು.
ಜಗಲಿಯಲ್ಲಿ ಒಲೆಯಿಲ್ಲ, ರೇಡಿಯೇಟರ್ ಇಲ್ಲ,
ಒಂದು ತಂತಿ ಕೂಡ ಇಲ್ಲ.
ಇದ್ದದ್ದು ಒಂದು ನಿಂಬೆ ಗಿಡ, ನನ್ನ ಸೊಂಟದೆತ್ತರ.
ಥರ್ಮಾಮೀಟರ್ ಒಂಬತ್ತು ತೋರಿಸಿತು.

ಎಲ್ಲಿಂದ ಬಂತು ಈ ಒಂಬತ್ತು, ಎಂದೆ.
ಆತ ಅಡುಗೆಮನೆಯ ಬಾಗಿಲು ತೋರಿಸಿದ.
ಅಡಿಗೆ ಮರದ ಚಕ್ಕೆ ಸಿಕ್ಕಿಸಿ
ನಾಲ್ಕು ಬೆರಳಷ್ಟು ತೆರೆದಿಟ್ಟ ಬಾಗಿಲು.
'ನಾನು ಜಗಲಿ ಕಾಯಿಸುತ್ತಿಲ್ಲ,' ಅಂದ,
'ಬಾಗಿಲು ಮುಚ್ಚುತ್ತಿಲ್ಲ, ಅಷ್ಟೆ.'

ಹದಿನೆಂಟು ವರ್ಷದ ನೌಕರಿಯಲ್ಲಿ
ಇಂಥ ವಾಕ್ಯ ಬರೆದುಕೊಳ್ಳಲು ನಮೂನೆ ಕೊಟ್ಟಿಲ್ಲ ನನಗೆ.

ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು
ನಾನೂ ಉರ್ವೆಯೂ ಫ್ಯಾನ್ ಕೂರಿಸಿದೆವು.
ಮನೆಯ ಉಸಿರು ಹೊರಗೆಳೆಯುವ ಪರೀಕ್ಷೆ.
ಎಳೆದರೆ ಎಂಥ ಮನೆಯೂ ಬಾಯಿಬಿಡುತ್ತದೆ:
ಸ್ವಿಚ್ಚಿನ ಡಬ್ಬಿಯಿಂದ ಸಣ್ಣ ಶಿಳ್ಳೆ,
ಅಟ್ಟದ ಹಲಗೆಯಿಂದ ಇಲಿಯ ವಾಸನೆ,
ಕಿಟಕಿಯ ಸಂದಿನಲ್ಲಿ ತುರುಕಿದ್ದ
ಯಾವ ಕಾಲದ್ದೋ ಪತ್ರಿಕೆಯ ಚೂರು
ನಡುಗತೊಡಗಿತು.
ಅಂಗೈಗಿಂತ ಹಿಂಗೈಗೆ ಬೇಗ ತಿಳಿಯುತ್ತದೆ ಚಳಿ.
ಹಿಂಗೈ ಹಿಡಿದು ಗೋಡೆಯುದ್ದಕ್ಕೂ ನಡೆದೆ,
ಮಗುವಿನ ಜ್ವರ ನೋಡುವ ಹಾಗೆ.

ಟ್ಯಾಲಿನ್ನಿಗೆ ಬರೆದೆ: ಕಾಯಿಸಿದ ಎಂದರೇನು?
ಉಷ್ಣತೆಯೋ, ಉದ್ದೇಶವೋ?
ಏಳು ಪುಟ ಉತ್ತರ ಬಂತು.
ಹೊಸ ನಿಯಮಕ್ಕೆ ಸಮಿತಿ ಕೂತಿದೆ,
ಗೋಡೆಯ ಅಂಕಿ ಇನ್ನೂ ಇಳಿಯಲಿದೆ,
ಕಿಟಕಿಯದೂ, ಸೂರಿನದೂ.
ನಿಮ್ಮ ಪ್ರಶ್ನೆ ಉಪಯುಕ್ತವಾದದ್ದು.
ಕರಡಿನಲ್ಲಿ ಒಂದು ಪದ ಸೇರಿಸಿದ್ದರು:
ಉದ್ದೇಶಪೂರ್ವಕವಾಗಿ.
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ:
ಯಾರ ಉದ್ದೇಶ?

ಆ ಪೆನ್ಸಿಲಿನವರನ್ನು ಒಮ್ಮೆ ಕಾಣಬೇಕು.

ನಿಯಮ ಸುಮ್ಮನೆ ಹುಟ್ಟಿದ್ದಲ್ಲ, ಬಲ್ಲೆ.
ನಾನು ಬೆಳೆದ ಫ್ಲಾಟಿನಲ್ಲಿ
ಕಾಂಕ್ರೀಟ್ ಹಲಗೆಗಳ ನಡುವಿಂದ
ಹಿಮದ ಪುಡಿ ಹಾಸಿಗೆಗೆ ಉದುರುತ್ತಿತ್ತು.
ರೇಡಿಯೇಟರಿಗೆ ತಿರುಪೇ ಇರಲಿಲ್ಲ.
ಸೆಕೆಯಾದ ದಿನ ಕಿಟಕಿ ತೆರೆದು
ಇಡೀ ಬೀದಿಯನ್ನೇ ಕಾಯಿಸುತ್ತಿದ್ದೆವು.
ಎಷ್ಟು ಕಲ್ಲಿದ್ದಲು, ಯಾರ ಊರಿನ ಹೊಗೆ,
ಕೇಳಿದವರಿಲ್ಲ.
ಅದಕ್ಕೇ ಈ ಕೆಲಸಕ್ಕೆ ಬಂದೆ ಅಂದರೆ ಸುಳ್ಳು.
ಸಂಬಳ ಚೆನ್ನಾಗಿತ್ತು. ನಂಬಿಕೆ ಆಮೇಲೆ ಬಂತು.

ಕೊನೆಗೆ ಬರೆದೆ:
ಜಗಲಿ ಹೊರಗಿನದು.
ನಡುವಿನ ಬಾಗಿಲು ಮುಚ್ಚಿರತಕ್ಕದ್ದು.

ಆ ತಕ್ಕದ್ದಿನ ಬಳಿ ಲೇಖನಿ ನಿಂತಿತು.
ಮಾಡಲೇಬೇಕಾದ್ದು ಎಂದೂ ಅರ್ಥ,
ಒಪ್ಪುವಂಥದ್ದು ಎಂದೂ.
ಎರಡೂ ಒಂದೇ ಆಗುವ ದಿನ
ನಮ್ಮ ಕಚೇರಿಗೆ ಬೀಗ ಹಾಕಬಹುದು.
ಸಹಿ ಮಾಡಿದೆ. ಮೊಹರು ಒತ್ತಿದೆ.
ಕರಡಿಗೆ ಸಲಹೆ ಕಳಿಸಲು ಇನ್ನೂ ಹತ್ತು ದಿನವಿದೆ,
ಏನು ಬರೆಯಲಿ ಹೊಳೆಯುತ್ತಿಲ್ಲ.

ನಿನ್ನೆ ಸಂಜೆ ಅತ್ತ ಹೋಗುವ ಕೆಲಸವಿರಲಿಲ್ಲ,
ಆದರೂ ಹೋದೆ.
ಬಣ್ಣದ ಗಾಜಿನಾಚೆ ಗಿಡದ ನೆರಳು.
ಜಗಲಿಯ ನೆಲದ ಮೇಲೆ
ಅಡುಗೆಮನೆಯ ಬೆಳಕಿನ ಪಟ್ಟಿ.
ಬೇಲಿಯಾಚೆಯಿಂದಲೇ ಒಂದು ಕಣ್ಣು ಮುಚ್ಚಿ
ಕೈ ಚಾಚಿ ಅಳೆದೆ.

ಮೂರು ಬೆರಳು.